ಷಡ್ಡಕನ ಟವೆಲ್ಲಿನೊಳಗೆ ಓಣಿಯ ಕಟ್ಟೆ

ಹೆಣ್ಣು ನೋಡಲು ಹೊರಟ ಗಂಡುಗಳಿಗೆ ನನ್ನದೊಂದು ಸಲಹೆಯಿದೆ. ಹೆಣ್ಣನ್ನು ಆಮೇಲೆ ನೋಡಿ. ಮೊದಲು ಆಕೆಯ ಅಕ್ಕನ ಗಂಡನನ್ನು ನೋಡಿ! ಹೆಂಡತಿಯ ಜೊತೆ ಹೇಗೋ ಹೊಂದಿಕೊಳ್ಳಬಹುದು, ಅತ್ತೆ ಮಾವಂದಿರ ಮನೆಗೆ ಹಬ್ಬಕ್ಕೆ ಹೋಗಿ ಬಂದರೆ ಮುಗಿಯಿತು. ಆದರೆ ಈ ಷಡ್ಡಕ ಅನ್ನುವ ಸಂಬಂಧವಿದೆಯಲ್ಲ, ಇದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಚೌಕಾಶಿ ಮಾಡಿ ತರುವುದಿಲ್ಲ. ಎತ್ತು ಕೊಂಡು ಮನೆಗೆ ಹೊಡೆದುಕೊಂಡು ಬಂದ ಮೇಲೆ ಅದರ ಕಿವಿಯಲ್ಲಿ ಕಾಣಿಸುವ ಉಣ್ಣಿಯ ಹಾಗೆ, ತಾನಾಗಿಯೇ ಬಂದಿರುತ್ತದೆ.

ನನ್ನ ಷಡ್ಡಕ ಇಡೀ ಯಾದಗಿರಿ ಜಿಲ್ಲೆಯಲ್ಲೇ ಅತ್ಯಂತ ಅಪಾಯದ ಮನುಷ್ಯ ಎಂದರೆ ನೀವು ನಗಬಹುದು. ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು, ಒಂದು ಕೋಳಿಯನ್ನೂ ಚಕ್ರದಡಿ ಹಾಕಿದವನಲ್ಲ. ಹಾಗಾದರೆ ಅಪಾಯ ಯಾವುದು? ಒಂದು ಪ್ರಶ್ನೆ! ಇಬ್ಬರು ಸೇರಿ ಊರಿನ ಸುದ್ದಿ, ಸರ್ಕಾರದ ಸುದ್ದಿ ಮಾತಾಡುತ್ತಿದ್ದರೆ ಸಾಕು, ಎಲ್ಲಿಂದಲೋ ಬಂದು ನಡುವೆ ನಿಲ್ಲುತ್ತಾನೆ. ಪೂರ್ತಿ ಕೇಳುತ್ತಾನೆ. ತಲೆ ಅಲ್ಲಾಡಿಸುತ್ತಾನೆ. ಆಮೇಲೆ ಮೆತ್ತಗೆ ಹೇಳುತ್ತಾನೆ:

"ನೀ ಹೇಳಿದ್ದೆಲ್ಲಾ ಖರೇ ಅದ. ಅದಕ್ಕ ನೀ ಏನು ಬಿಡ್ತಿ?"

ಮುಗಿಯಿತು. ಅಲ್ಲಿಗೆ ಮಾತು ಸತ್ತುಹೋಗುತ್ತದೆ. ಇನ್ನು ಆ ಇಬ್ಬರು ಜಗಳವಾಡಬೇಕು, ಇಲ್ಲವೇ ಎದ್ದು ಹೋಗಬೇಕು. ವಯಸ್ಸಿನಲ್ಲಿ ನನಗಿಂತ ಹಿರಿಯ, ಎದುರಿಗೆ ಸಿಕ್ಕರೆ "ಅಣ್ಣಾರ" ಎಂದು ಬಹುವಚನದಲ್ಲೇ ಮಾತಾಡಿಸುತ್ತೇನೆ. ಆದರೆ ಇದನ್ನು ಸಿಟ್ಟಿನಲ್ಲಿ ಬರೆಯಲು ಕೂತಿದ್ದೇನೆ, ಏಕವಚನವೇ ಇರಲಿ.

ನನ್ನ ಬಗ್ಗೆಯೂ ಎರಡು ಮಾತು. ಶಹಾಪುರದ ಬಜಾರಿನಲ್ಲಿ ನನ್ನದು ಹಗ್ಗ ಮತ್ತು ತಾಡಪಾಲಿನ ಅಂಗಡಿ. ಅಪ್ಪ ಬಿಟ್ಟುಹೋದದ್ದಲ್ಲ. ಸಗರದಿಂದ ತಲೆಯ ಮೇಲೆ ಹಗ್ಗದ ಹೊರೆ ಹೊತ್ತು ಬಂದು, ಇದೇ ಜಾಗದಲ್ಲಿ ನೆಲಕ್ಕೆ ಗೋಣಿಚೀಲ ಹಾಸಿ ಕೂತು, ದನದ ಸಂತೆಗಳಲ್ಲಿ ದಲಾಲಿ ಮಾಡಿ, ಒಂದೊಂದು ಕಲ್ಲು ಕೂಡಿಸಿ ಕಟ್ಟಿದ್ದು. ಕೊಡುವವನ ಮುಖ ನೋಡಿದರೆ ಅವನು ಯಾವ ದರಕ್ಕೆ ಇಳಿಯುತ್ತಾನೆಂದು ನನಗೆ ಗೊತ್ತಾಗುತ್ತದೆ. ಕೊಟ್ಟು ತೆಗೆದುಕೊಳ್ಳುವುದು ಏನೆಂದು ನನಗೆ ಯಾರೂ ಕಲಿಸಬೇಕಿಲ್ಲ. ಹಾಗಿರುವಾಗ ಇವನೊಬ್ಬ ಬಂದು ಊರಿಗೆಲ್ಲ "ಏನು ಬಿಡ್ತಿ" ಎಂದು ಕೇಳುತ್ತ ತಿರುಗಿದರೆ ನನಗೆ ಉರಿಯದೆ ಇರುತ್ತದೆಯೇ?

ಭಾಂಡೆ ಅಂಗಡಿ ಬಸಣ್ಣನ ಕಥೆ ಕೇಳಿ. ಬಸಣ್ಣ ನನ್ನ ಪಕ್ಕದ ಅಂಗಡಿಯವನು. ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆ ಮಾರುತ್ತಾನೆ. ಬೆಳಗ್ಗೆ ಹೋಟೆಲಿನಲ್ಲಿ ಸುಸಲಾ ಮಿರ್ಚಿ ತಿನ್ನುತ್ತ ಅವನು ಡಿಜೆ ಹಾವಳಿಯ ಬಗ್ಗೆ ಭಾಷಣ ಶುರು ಮಾಡಿದ್ದ.

"ಸರ್ಕಾರ ಈ ಡಿಜೆ ಬಂದ್ ಮಾಡಬೇಕ್ರಿ! ನಮ್ಮ ಅವ್ವಗ ಎದಿ ಹೊಡಕೊಳ್ಳಾಕತ್ತದ. ಅಂಗಡ್ಯಾಗ ಕೊಡಪಾನ ತಾವಾಗೇ ಕುಣಿತಾವ. ನಾಳೆ ಅರ್ಜಿ ಕೊಡಾವ ನಾ."

"ಖರೇ ಅದ ಬಸಣ್ಣ," ಎಂದ ನಮ್ಮ ಷಡ್ಡಕ. "ಅದಕ್ಕ ನೀ ಏನು ಬಿಡ್ತಿ?"

"ನಾ ಏನ್ ಬಿಡ್ಲಿ? ನಾ ಏನರ ಡಿಜೆ ಇಟ್ಟೀನೇನು?"

"ಬರೋ ತಿಂಗಳ ನಿನ್ನ ಮಗನ ಮದಿವಿಗೆ ಸುರಪುರದಿಂದ ದೊಡ್ಡದು ತರಸಾಕತ್ತೀ ಅಂತ ಕೇಳೀನಿ."

"ಅದು ಮದಿವಿ ಅಲ್ರೀ! ಬೀಗರು ಏನಂದಾರು?"

"ಹಂಗಾರ ಅರ್ಜಿ ಹಿಂಗ ಬರಿ. ನನ್ನ ಮಗನ ಮದಿವಿ ಒಂದು ಬಿಟ್ಟು, ಉಳಿದವರ ಮಕ್ಕಳೆಲ್ಲಾ ಬಾಯಿ ಮುಚ್ಕೊಂಡು ಮದಿವಿ ಆಗಬೇಕು."

ಬಸಣ್ಣ ಮಿರ್ಚಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಅರ್ಜಿಯನ್ನೂ ಕೊಡಲಿಲ್ಲ. ಮದುವೆಗೆ ಸುರಪುರದ ಡಿಜೆ ಬಂದೇ ಬಂತು. ಮೆರವಣಿಗೆಯ ಮುಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ಗರಗರ ತಿರುಗಿಸುತ್ತ ಕುಣಿಯುತ್ತಿದ್ದವರು ಯಾರು ಅಂದುಕೊಂಡಿರಿ? ಇದೇ ಮಹಾಶಯ! ನಾನು ಹೋಗಿ ರಟ್ಟೆ ಹಿಡಿದು ಕೇಳಿದೆ, "ಏನ್ರಿ ಅಣ್ಣಾರ ಇದು?" ಎಂದು. "ಬಂದ್ ಮಾಡ್ರಿ ಅಂದವ ನಾ ಅಲ್ಲಲ್ಲೋ ತಮ್ಮಾ," ಎಂದು ಮತ್ತೆ ಕುಣಿದ.

ಇನ್ನೊಂದು ಸಲ ನನ್ನ ಹೊಟ್ಟೆಯ ಮೇಲೇ ಹೊಡೆದ. ಕಡೇಚೂರಿನ ಕಡೆಯವರಿಬ್ಬರು ತಾಡಪಾಲು ಕೊಳ್ಳಲು ಬಂದಿದ್ದರು. ಒಳ್ಳೆಯ ಗಿರಾಕಿಗಳು. ದರ ಹೆಚ್ಚುಕಡಿಮೆ ಕುದುರಿತ್ತು. ಅಷ್ಟರಲ್ಲಿ ಆ ಇಬ್ಬರಿಗೂ ತಮ್ಮ ಸೀಮೆಯ ಕಾರ್ಖಾನೆಗಳ ಬಗ್ಗೆ ಮಾತು ಹತ್ತಿತು. ಒಬ್ಬ, ಕಾರ್ಖಾನೆ ಎಲ್ಲ ಮುಚ್ಚಬೇಕು, ಗಾಳಿ ಕೆಡುತ್ತದೆ ಎಂದ. ಇನ್ನೊಬ್ಬ, ಮುಚ್ಚಿದರೆ ಹುಡುಗರು ಕೂಲಿಗೆ ಹೈದರಾಬಾದಿಗೆ ಹೋಗಬೇಕಾ ಎಂದ. ಇಬ್ಬರ ಮಾತಿನಲ್ಲೂ ತೂಕವಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ವ್ಯಾಪಾರದ ಹೊತ್ತಿನಲ್ಲಿ ತೂಕ ಹಾಕಬೇಕಾದ್ದು ಮಾತನ್ನೇ? ನಾನು ತಾಡಪಾಲು ಮಡಚುತ್ತ "ಹೌದ್ರಿ, ಹೌದ್ರಿ" ಎಂದು ಇಬ್ಬರಿಗೂ ಹೌದು ಹೇಳುತ್ತಿದ್ದೆ. ಅಂಗಡಿಯವನು ಹಾಗೇ ಇರಬೇಕು. ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ.

ಮೂಲೆಯ ಸ್ಟೂಲಿನಿಂದ ಷಡ್ಡಕನ ದನಿ ಬಂತು. "ಮುಚ್ಚಬೇಕು ಅನ್ನಾವ್ರು ನೀವಲ್ರಿ? ನಿಮ್ಮ ಮನ್ಯಾಗ ಯಾರರ ಅಲ್ಲಿ ಕೆಲಸಕ್ಕ ಹೊಕ್ಕಾರೇನು?"

"ಅಳಿಯ ಹೋಗ್ತಾನ."

"ನಾಳಿನಿಂದ ಅವಂಗ ಬಿಡಸಿ, ಮಗಳು ಅಳಿಯ ಇಬ್ಬರನ್ನೂ ಮನ್ಯಾಗ ಇಟ್ಕೊಂಡು ಸಾಕ್ರಿ. ಆಮ್ಯಾಲ ಮುಚ್ಚರಿ ಅನ್ರಿ, ನಿಮ್ಮ ಹಿಂದ ನಾನೂ ಬಂದು ಕೂಗ್ತೀನಿ."

ಎರಡನೆಯವನು ಹೋ ಎಂದು ನಕ್ಕ. ಷಡ್ಡಕ ಅವನ ಕಡೆ ತಿರುಗಿದ. "ನೀವ್ಯಾಕ ನಗತೀರಿ ಯಜಮಾನ್ರ? ನಿಮ್ಮ ಮನಿ ಎಲ್ಲದ?"

"ಊರು ಅಲ್ಲೇ. ಮನಿ ಮಾಡಿದ್ದು ಯಾದಗಿರ್ಯಾಗ."

"ಕಾರ್ಖಾನಿ ಬೇಕು ಅಂದ್ರ ಅದರ ಗ್ವಾಡಿಗೆ ಹತ್ತಿ ಒಂದು ಖೋಲಿ ಹಿಡೀರಿ. ಗಾಳಿ ಬೀಸೋ ದಿಕ್ಕಿಗೇ ನೋಡಿ ಕೊಡಸ್ತೀನಿ. ಹೆಂಡ್ರು ಮಕ್ಕಳ ಸಹಿತ ಒಂದು ಬ್ಯಾಸಗಿ ತಗದು ಬರ್ರಿ."

ಇಬ್ಬರೂ ಒಟ್ಟಿಗೇ ಎದ್ದರು. ಅಷ್ಟು ಹೊತ್ತು ಹಾವು ಮುಂಗುಸಿಯಂತಿದ್ದವರು ಹೆಗಲ ಮೇಲೆ ಕೈ ಹಾಕಿಕೊಂಡು ಎದುರಿನ ಅಂಗಡಿಗೆ ಹೋಗಿ ಎರಡು ತಾಡಪಾಲು ಕೊಂಡರು! ಊರಲ್ಲಿ ಶಾಂತಿ ನೆಲೆಸಿತು, ನನ್ನ ಗಲ್ಲಾ ಖಾಲಿ ಉಳಿಯಿತು.

ಅವನು ಬರಿ ಬಾಯಿಯ ಮನುಷ್ಯನಾಗಿದ್ದರೆ ಒಂದು ದಾರಿ ಇತ್ತು, ಬೈದು ಸುಮ್ಮನಿರಬಹುದಿತ್ತು. ಇವನು ತಾನೂ ಬಿಡುತ್ತಾನೆ! ಒಂದು ಬೇಸಿಗೆಯಲ್ಲಿ ನಾನು ಮತ್ತು ನನ್ನಾಕೆ ಅವರ ಮನೆಗೆ ಹೋದೆವು. ಬಾಗಿಲ ಹಿಡಿಕೆ ಮುಟ್ಟಿದರೆ ಚುರ್ ಅನ್ನುವ ಬಿಸಿಲು. ಒಳಗೆ ಫ್ಯಾನು ಬಂದ್. ಕರೆಂಟಿಲ್ಲವೇನೋ ಅಂದುಕೊಂಡರೆ ದೇವರ ಮುಂದೆ ಬಲ್ಬು ಉರಿಯುತ್ತಿದೆ!

"ಅಣ್ಣಾರ, ಫ್ಯಾನ್ ಕೆಟ್ಟದೇನ್ರಿ?"

"ಇಲ್ಲ. ರೈತರ ಪಂಪಿಗೆ ಹಗಲ್ಹೊತ್ತು ಕರೆಂಟ್ ಕೊಡಬೇಕು ಅಂತ ಮೊನ್ನೆ ಹೋಟೆಲ್ನ್ಯಾಗ ನಾನೇ ಅಂದೀನಿ. ಅಂದ ಮ್ಯಾಲ ಮಧ್ಯಾಹ್ನ ಫ್ಯಾನ್ ಬಿಟ್ಟೀನಿ."

"ನಿಮ್ಮ ಒಂದು ಫ್ಯಾನ್ ನಿಂತ್ರ ಸಗರದಾಗ ಯಾರ ಪಂಪ್ ತಿರಗತದ್ರಿ?" ನನಗೆ ಬೆವರೂ ಸಿಟ್ಟೂ ಒಟ್ಟಿಗೇ ಇಳಿಯುತ್ತಿದ್ದವು.

"ಯಾರದೂ ತಿರಗಂಗಿಲ್ಲ. ಆದ್ರ ಬಾಯಿ ತಗಿಯೋ ಹಕ್ಕು ಬರ್ತದ ನೋಡು."

ನನ್ನ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಹಂಗಾರ ಬಾಯಿ ತಗೀರಿ ಮಾಮಾ, ಅದರಿಂದರ ಸ್ವಲ್ಪ ಗಾಳಿ ಬರ್ಲಿ!" ಎಂದಳು. ಒಳಗಿನಿಂದ ಅವಳ ಅಕ್ಕ ಬಿದ್ದು ಬಿದ್ದು ನಗುವುದು ಕೇಳಿಸಿತು. ಫ್ಯಾನು ಮಾತ್ರ ತಿರುಗಲಿಲ್ಲ.

ಇಷ್ಟೆಲ್ಲ ಸಹಿಸಿದವನು ನಾನು. ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ.

ನಮ್ಮ ಬಜಾರು ನೋಡದವರಿಗೆ ಒಂದು ಮಾತು. ಇಲ್ಲಿ ಪ್ರತಿ ಅಂಗಡಿಯ ಮುಂದೆ ಒಂದು ಕಟ್ಟೆ ಇದೆ. ಗಟಾರದ ಮೇಲೆ ಪರಸಿ ಕಲ್ಲು ಹಾಸಿ, ರಸ್ತೆಯ ಕಡೆ ಮೂರಡಿ ಚಾಚಿ ಕಟ್ಟಿದ್ದು. ಕಾಗದದಲ್ಲಿ ಅದು ಜನ ನಡೆಯುವ ಜಾಗ. ಬದುಕಿನಲ್ಲಿ ಅದು ಅಂಗಡಿ. ನನ್ನ ಕಟ್ಟೆಯ ಮೇಲೆ ಹಗ್ಗದ ಸಿಂಬಿಗಳು, ಬಸಣ್ಣನ ಕಟ್ಟೆಯ ಮೇಲೆ ಹಂಡೆಗಳು, ಅದರಾಚೆ ಚಪ್ಪಲಿ ಅಂಗಡಿಯ ಇಸ್ಮಾಯಿಲ್ ಸಾಬರ ಕಟ್ಟೆಯ ಮೇಲೆ ಚಪ್ಪಲಿಗಳ ಗುಡ್ಡ. ಹಗ್ಗವನ್ನು ಕತ್ತಲಲ್ಲಿ ಮಾರಲು ಬರುತ್ತದೆಯೇ? ರೈತ ಅದನ್ನು ಬೆಳಕಿಗೆ ಹಿಡಿದು, ಎಳೆ ಬಿಚ್ಚಿ, ಎಳೆದು ನೋಡಿಯೇ ಕೊಳ್ಳುವುದು. ಕಟ್ಟೆ ಹೋದರೆ ಅರ್ಧ ವ್ಯಾಪಾರ ಹೋದ ಹಾಗೆ. ಅದೂ ಅಲ್ಲದೆ ನಾನು ಗೋಣಿಚೀಲ ಹಾಸಿ ಕೂತಿದ್ದ ಜಾಗ ಅದೇ! ಒಳಗಿನ ಅಂಗಡಿ ಆಮೇಲೆ ಬಂದದ್ದು. ನಾನು ಶುರುವಾದದ್ದೇ ಆ ಮೂರಡಿಯಿಂದ.

ಹೀಗಿರುವಾಗ ಶಾಲೆಯ ಬಿಸಿಯೂಟದ ಅಡುಗೆಯಾಕೆ ಶರಣಮ್ಮನಿಗೆ ಟ್ರ್ಯಾಕ್ಟರು ಬಡಿಯಿತು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದಳು. ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ, ರಸ್ತೆಗಿಳಿದಿದ್ದಳು. ಹತ್ತಿ ತುಂಬಿದ ಟ್ರಾಲಿ ಒರೆಸಿಕೊಂಡು ಹೋಯಿತು. ಕಾಲು ಮುರಿಯಿತು. ಬದನೆಕಾಯಿಗಳು ನನ್ನ ಹಗ್ಗದ ಸಿಂಬಿಯವರೆಗೆ ಉರುಳಿಕೊಂಡು ಬಂದವು.

ಆಮೇಲೆ ಶುರುವಾಯಿತು ನೋಡಿ ನಮ್ಮ ಓಣಿಯ ಬುದ್ಧಿವಂತಿಕೆ! ಶರಣಮ್ಮ ದವಾಖಾನೆಯಲ್ಲಿ ನರಳುತ್ತಿದ್ದರೆ ಇಲ್ಲಿ ತಪ್ಪು ಯಾರದೆಂದು ಹಂಚಿಕೊಳ್ಳುವ ಸಂಭ್ರಮ. "ಆಕಿಗೆ ಕಣ್ಣಿಲ್ಲೇನು? ನೋಡ್ಕೊಂಡು ನಡೀಬೇಕು" ಎಂದ ಬಸಣ್ಣ. "ಹಂಪ್ ಹಾಕಬೇಕು ಭಾಯ್, ಸರ್ಕಾರ ನಿದ್ದಿ ಮಾಡಾಕತ್ತದ" ಎಂದರು ಇಸ್ಮಾಯಿಲ್ ಸಾಬರು. "ಹಂಪ್ ಹಾಕಿದ್ರ ಬಾಣಂತ್ಯಾರು ಆಟೋದಾಗ ಹೆಂಗ ಹೋಗಬೇಕ್ರಿ?" ಎಂದು ಮತ್ತೊಬ್ಬ. ಟ್ರ್ಯಾಕ್ಟರಿನವನಂತೂ, "ಊರ ಹೊರಗಿಂದ ಸುತ್ತು ಹಾಕಿ ಹೋಗ್ರಿ ಅಂತೀರಿ, ಡೀಸೆಲ್ ನಿಮ್ಮಪ್ಪ ಕೊಡ್ತಾನೇನು?" ಎಂದು ನನ್ನ ಮೇಲೇ ಬಿದ್ದ. ಸುಳ್ಳು ಹೇಳಬಾರದು, ಪ್ರತಿಯೊಂದು ಮಾತೂ ನಿಜವೇ! ಅದೇ ನನ್ನ ಸಿಟ್ಟು. ಎಲ್ಲರೂ ನಿಜ ಹೇಳುತ್ತಾರೆ, ಪ್ರತಿಯೊಬ್ಬನ ನಿಜವೂ ಇನ್ನೊಬ್ಬನ ಜೇಬಿನಲ್ಲೇ ಕೈ ಹಾಕುತ್ತದೆ.

ಷಡ್ಡಕ ಏನು ಮಾಡಿದ ಹೇಳಲೇ? ಮರುದಿನ ತನ್ನ ಹಳೆಯ ಹೆಲ್ಮೆಟ್ಟು ಹಾಕಿಕೊಂಡು ಬಜಾರಿಗೆ ಬಂದ. ಗಾಡಿಯ ಮೇಲಲ್ಲ, ನಡೆದುಕೊಂಡು! ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ತಲೆಯ ಮೇಲೆ ಕೆಂಪು ಹೆಲ್ಮೆಟ್ಟು. ಸಂತೆಯ ದಿನ ಬೇರೆ. ಕೊಡೇಕಲ್ಲಿಗೆ ಹೊರಟಿದ್ದ ಭಕ್ತರ ಜೀಪೊಂದು ನಿಂತು, ಒಳಗಿದ್ದವರೆಲ್ಲ ಇವನಿಗೂ ಒಂದು ಕೈ ಮುಗಿದು ಹೋದರು.

"ಏನ್ ಮಾಮಾ ಇದು ಅವತಾರ?" ಎಂದಳು ಅಂಗಡಿಗೆ ಬುತ್ತಿ ತಂದಿದ್ದ ನನ್ನ ಹೆಂಡತಿ.

"ನಡಿಯಾವ ನೋಡ್ಕೊಂಡು ನಡೀಬೇಕು ಅಂತ ಬಸಣ್ಣ ಅಂದಾನವಾ. ನನ್ನ ಜವಾಬ್ದಾರಿ ನಾ ಮಾಡೀನಿ. ಈಗ ಉಳಿದವರದು."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಿರಾಕಿಗಳು "ನಿಮ್ಮ ಷಡ್ಡಕರಲ್ರಿ?" ಎಂದರೆ "ಅಲ್ಲ" ಅನ್ನುವ ಹಾಗೂ ಇಲ್ಲ.

ಅಷ್ಟರಲ್ಲಿ ನಗರಸಭೆ ಆಫೀಸಿನ ಸಾಹೇಬರೊಬ್ಬರು ಬಂದು ಅಂಗಡಿಯವರ ಸಭೆ ಕರೆದರು. ಮನುಷ್ಯ ಒಳ್ಳೆಯವರೇ. ನಿಮ್ಮ ನಿಮ್ಮ ಕಟ್ಟೆ ನೀವೇ ತೆಗೆದುಕೊಟ್ಟರೆ ಗಟಾರ ಮುಚ್ಚಿ ಸರಿಯಾದ ನಡೆಯುವ ದಾರಿ ಮಾಡಿಸುತ್ತೇನೆ, ನೀವಾಗಿ ಒಪ್ಪದಿದ್ದರೆ ಜೆಸಿಬಿ ತರಬೇಕಾಗುತ್ತದೆ, ಅದು ನನಗೂ ಇಷ್ಟವಿಲ್ಲ ಎಂದರು. ಅಂಗಡಿಯವರು ಓಣಿಯ ಪರವಾಗಿ ಮಾತಾಡಲು ನನ್ನನ್ನು ನಿಲ್ಲಿಸಿದರು. ಚೌಕಾಶಿಗೆ ಬೇರೆ ಯಾರಿದ್ದಾರೆ? ನಾನು ಅರ್ಧ ಅಡಿಯಿಂದ ಶುರು ಮಾಡಿದೆ. ಇದು ನಿಯಮ. ಕೊಡಬೇಕಾದ್ದು ಎಷ್ಟೇ ಇರಲಿ, ಶುರು ಮಾಡುವುದು ಎದುರಿನವನಿಗೆ ಸಿಟ್ಟು ಬರುವಷ್ಟು ಕೆಳಗಿನಿಂದ. ಸಾಹೇಬರು ಮೂರಡಿ ಎಂದರು. ನಾನು ಮುಕ್ಕಾಲಿಗೆ ಬಂದೆ. ಹೀಗೆ ಮೇಲೆ ಕೆಳಗೆ ಆಗಿ ಒಂದೂವರೆಗೆ ನಿಲ್ಲುವ ಹದಕ್ಕೆ ಬಂದಿತ್ತು, ಹಿಂದಿನಿಂದ ಅವನು ಎದ್ದು ನಿಂತ.

"ಸಾಹೇಬ್ರ, ಓಣಿ ಓಣಿ ಅನ್ನಾಕತ್ತೀರಿ. ಓಣಿಗೆ ಕಟ್ಟಿ ಇಲ್ರಿ. ಕಟ್ಟಿ ಇರೋದು ಇವರಿಗೆ. ಒಬ್ಬೊಬ್ಬರಿಗೇ ಕೇಳ್ರಿ, ನೀ ಏನು ಬಿಡ್ತಿ ಅಂತ."

"ಮಂದಿ ಮುಂದ ಯಾರ ಹೇಳ್ತಾರ್ರಿ?" ಎಂದು ಗದ್ದಲವೆದ್ದಿತು. "ಮೊದಲು ಅವ ಹೇಳ್ಲಿ." "ಅವ ಹೇಳಿದ ಮ್ಯಾಲ ನಾ ಹೇಳ್ತೀನಿ." "ನನಗಿಂತ ಅವನ ಕಟ್ಟಿ ಉದ್ದ ಅದ!"

"ಮಂದಿ ಮುಂದ ಬ್ಯಾಡ," ಎಂದ ಷಡ್ಡಕ, ಹೆಗಲಿನಿಂದ ಟವೆಲ್ಲು ತೆಗೆಯುತ್ತ. "ಸಂತ್ಯಾಗ ಎತ್ತಿನ ವ್ಯಾಪಾರ ಹೆಂಗ ಮಾಡ್ತೀರಿ? ಹಂಗೇ ಮಾಡೂಣು."

ಎತ್ತಿನ ವ್ಯಾಪಾರ ನೋಡಿದವರಿಗೆ ಗೊತ್ತು. ಕೊಡುವವನೂ ಕೊಳ್ಳುವವನೂ ಟವೆಲ್ಲಿನಡಿ ಕೈ ಸೇರಿಸುತ್ತಾರೆ. ಬಾಯಲ್ಲಿ ಒಂದು ಮಾತಿಲ್ಲ. ಎದುರಿನವನ ಬೆರಳು ಎಷ್ಟು ಹಿಡಿದರೆ ಅಷ್ಟು ದರ. ಸುತ್ತ ನಿಂತ ಮಂದಿಗೆ ಏನೂ ತಿಳಿಯುವುದಿಲ್ಲ. ಟವೆಲ್ಲಿನಡಿ ಏನಾಯಿತೋ ಅದು ಆ ಇಬ್ಬರಿಗಷ್ಟೇ, ಹೊರಗೆ ಆಡುವ ಹಾಗಿಲ್ಲ. ಆಡಿದವನಿಗೆ ಆಮೇಲೆ ಯಾವ ಸಂತೆಯಲ್ಲೂ ಯಾರೂ ಕೈ ಕೊಡುವುದಿಲ್ಲ. ಆ ವಿದ್ಯೆಯಿಂದಲೇ ಅನ್ನ ತಿಂದವನು ನಾನು. ನನ್ನ ವಿದ್ಯೆಯನ್ನೇ ನನ್ನ ಮೇಲೆ ತಿರುಗಿಸುತ್ತಾನಲ್ಲ ಈ ಮನುಷ್ಯ! ಒಂದು ಬೆರಳು ಹಿಡಿದರೆ ಒಂದಡಿ ಬಿಟ್ಟ ಹಾಗೆ, ಏನೂ ಬಿಡದಿದ್ದರೆ ಮುಷ್ಟಿ ಎಂದು ಗೊತ್ತುಮಾಡಿದ. ಸಾಹೇಬರು ಮೈಸೂರು ಕಡೆಯವರು, ಕಣ್ಣರಳಿಸಿ, "ಮಾಡಿ, ಮಾಡಿ" ಎಂದುಬಿಟ್ಟರು.

ಅವನು ಅಂಗಡಿಯಿಂದ ಅಂಗಡಿಗೆ ಹೊರಟ. ಒಬ್ಬೊಬ್ಬರ ಎದುರು ಕೂತು ಟವೆಲ್ಲು ಹಾಸುವುದು, ಕೈ ಸೇರಿಸುವುದು, ತಲೆಯಾಡಿಸಿ ಏಳುವುದು. ಒಳಗೆ ಕೈ ಹಾಕುವಾಗ ಹುಲಿಗಳ ಹಾಗಿದ್ದವರು ಹೊರಗೆ ತೆಗೆಯುವಾಗ ಮುಖ ಸಣ್ಣ ಮಾಡಿಕೊಂಡು ಎಲ್ಲೋ ನೋಡುತ್ತಿದ್ದರು. ಅದೇಕೆಂದು ನನಗೆ ಆಗ ಹೊಳೆಯಲಿಲ್ಲ. ಬಸಣ್ಣ ನನ್ನ ಬಳಿ ಬಂದು ಪಿಸುಗುಟ್ಟಿದ, "ಸಾವ್ಕಾರ್ರ, ಇಸ್ಮಾಯಿಲ್ ಸಾಬ ಎಷ್ಟು ಹಿಡದಾನಂತ?" ಇಸ್ಮಾಯಿಲ್ ಸಾಬರು ಬಂದು ಕೇಳಿದರು, "ಆ ಭಾಂಡೆಯಾಂವ ಎಷ್ಟು ಕೊಟ್ಟ ಭಾಯ್? ನಾನರ ಸುಳ್ಳ್ ಹೇಳಂಗಿಲ್ಲ, ಭಾಳ ಕೊಟ್ಟೀನಿ."

ಸಂಜೆ ಹೋಟೆಲಿನಲ್ಲಿ ಲೆಕ್ಕ ಹೇಳಿದ. "ಯಾರು ಎಷ್ಟು ಅಂತ ಹೇಳಂಗಿಲ್ಲ. ನನ್ನ ತಮ್ಮಂದು, ಈ ಷಡ್ಡಕಂದು, ಒಂದು ಉಳದದ. ಅವನ ಬಿಟ್ಟು ಉಳಿದ ಇಡೀ ಓಣಿ ಕೂಡಿ ಬಿಟ್ಟದ್ದು, ಒಂದಡಿ."

ಇಡೀ ಓಣಿ ಕೂಡಿ ಒಂದಡಿ! ಅಂದರೆ ಒಬ್ಬನೇ ಒಬ್ಬ ಒಂದು ಬೆರಳು ಹಿಡಿದಿದ್ದಾನೆ, ಮಿಕ್ಕವರದೆಲ್ಲ ಮುಷ್ಟಿ. ನಾಚಿಕೆಯಾಗಬೇಕಿತ್ತಲ್ಲವೇ? ಆಗಲಿಲ್ಲ. ಮರುಕ್ಷಣ ಪ್ರತಿಯೊಬ್ಬನೂ ಎದ್ದು ನಿಂತು ಆ ಒಂದಡಿ ತನ್ನದು ಎಂದ! "ನಾನೇರೀ ಕೊಟ್ಟದ್ದು!" "ಏ ಸುಳ್ಳ, ಅದು ನಂದು!" ಒಂದಡಿಗೆ ಅಷ್ಟು ಮಂದಿ ಹಕ್ಕುದಾರರು. ಅರ್ಜಿ ಬರೆಯಲು, ಧರಣಿ ಕೂರಲು, ಸರ್ಕಾರಕ್ಕೆ ಬಯ್ಯಲು ನಾವು ಎಲ್ಲರೂ ಇದ್ದೇವೆ. ಶರಣಮ್ಮನ ಹೆಸರು ಹೇಳಿ ಕಣ್ಣೀರು ಹಾಕಿದವರೂ ಇದ್ದೆವು. ಕತ್ತಲಲ್ಲಿ, ಯಾರೂ ನೋಡದ ಕಡೆ ಕೈ ಹಾಕಿ ಅಂದರೆ ಮುಷ್ಟಿ! ಉರಿಯುತ್ತದೆ ನನಗೆ ಈಗಲೂ.

ನೀವು ಕೇಳುತ್ತೀರಿ, ನಿನ್ನದೇನು ಎಂದು. ನನ್ನದೂ ಮುಷ್ಟಿಯೇ ಎಂದು ನಿರ್ಧಾರ ಮಾಡಿಕೊಂಡೇ ಕೂತಿದ್ದೆ. ಅವರೆಲ್ಲ ಇಟ್ಟುಕೊಂಡು ನಾನೊಬ್ಬ ಬಿಟ್ಟರೆ ಏನಾಗುತ್ತದೆ? ನಡೆಯುವವರು ನನ್ನ ಅಂಗಡಿಯಷ್ಟು ಉದ್ದ ನೆರಳಲ್ಲಿ ನಡೆದು ಮತ್ತೆ ಟ್ರ್ಯಾಕ್ಟರಿನ ಬಾಯಿಗೇ ಇಳಿಯಬೇಕು. ಕೊಟ್ಟದ್ದು ದಂಡ. ಯಾವ ವ್ಯಾಪಾರಿ ಇದನ್ನು ಒಪ್ಪುತ್ತಾನೆ?

ಹೋಟೆಲಿನಿಂದ ಅವನು ನನ್ನ ಹಿಂದೆಯೇ ಅಂಗಡಿಗೆ ಬಂದ. ಹೆಲ್ಮೆಟ್ಟು ತೆಗೆದು ಹಗ್ಗದ ಸಿಂಬಿಯ ಮೇಲಿಟ್ಟ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ನನಗೆ ತಡೆಯಲಾಗಲಿಲ್ಲ.

"ಊರಿಗೆಲ್ಲಾ ಕೇಳ್ತೀರಲ್ಲ ಅಣ್ಣಾರ, ನಿಮ್ಮದೇನದರೀ ಬಿಡಾಕ? ನಿಮಗೊಂದು ಅಂಗಡಿ ಇಲ್ಲ, ಒಂದು ಕಟ್ಟಿ ಇಲ್ಲ. ಸರ್ಕಾರದ ಪಿಂಚಣಿ ತಿಂದು ಮಂದಿ ಹೊಟ್ಟಿ ಮ್ಯಾಲ ಕಾಲಿಡೋದು ಭಾಳ ಹಗರ ಕೆಲಸ ನೋಡ್ರಿ! ಈ ಮೂರಡಿ ಮ್ಯಾಲ ನಾ ಚೀಲ ಹಾಸ್ಕೊಂಡು ಬಿಸಲಾಗ ಬೆಂದೀನಿ. ನೀವೇನು ಬಿಟ್ಟೀರಿ ಇಲ್ಲೀತನ? ಒಂದು ಮಧ್ಯಾಹ್ನದ ಫ್ಯಾನು!"

ಅವನಿಗೆ ಸಿಟ್ಟು ಬರಲಿ ಎಂದೇ ಅಂದದ್ದು. ಬರಲಿಲ್ಲ. ಟವೆಲ್ಲು ನಮ್ಮಿಬ್ಬರ ಮಂಡಿಗಳ ಮೇಲೆ ಹಾಸಿ, "ಕೈ ಕೊಡು ತಮ್ಮಾ" ಎಂದ.

ಮುಷ್ಟಿ ಬಿಗಿ ಹಿಡಿದು ಒಳಗೆ ತೂರಿದೆ. ಅವನ ಕೈ ತಾಗಿತು.

ಅದು ನಡುಗುತ್ತಿತ್ತು.

ಸಂತೆಯಲ್ಲಿ ಎಷ್ಟೋ ಕೈಗಳನ್ನು ಹಿಡಿದಿದ್ದೇನೆ. ಆಸೆಗೆ ನಡುಗುವ ಕೈ ಗೊತ್ತು, ಅಡಚಣೆಯಲ್ಲಿ ಎತ್ತು ಮಾರಲು ಬಂದವನ ಕೈ ಗೊತ್ತು. ಇದು ಆ ನಡುಕವಲ್ಲ. ನಿಂತ ಬಸ್ಸಿನ ಇಂಜಿನ್ನು ಚಾಲೂ ಇದ್ದಾಗ ಸೀಟಿನ ಕಂಬಿ ಅದುರುತ್ತದಲ್ಲ, ಹಾಗೆ, ಬಿಡುವಿಲ್ಲದೆ, ಅವನಿಗೆ ಸಂಬಂಧವೇ ಇಲ್ಲ ಎನ್ನುವಂತೆ ಅದುರುತ್ತಿತ್ತು. ಮುಖ ನೋಡಿದೆ. ಮುಖ ತಣ್ಣಗಿತ್ತು. ಸುಮ್ಮನೆ ಕೂತಾಗಲೆಲ್ಲ ಅವನು ಆ ಕೈಯನ್ನು ಟವೆಲ್ಲಿನ ತುದಿಯಲ್ಲಿ ಸುತ್ತಿಕೊಂಡಿರುತ್ತಿದ್ದದ್ದು ಆಗ ನೆನಪಾಯಿತು.

"ಇದು ಯಾವಾಗಿಂದರೀ?"

"ನೌಕರಿ ಇದ್ದಾಗಿಂದ." ಅವನು ದನಿ ತಗ್ಗಿಸಿದ. "ಸುರಪುರದ ಇಳಕಲಿನ್ಯಾಗ ಒಮ್ಮಿ ಸ್ಟೇರಿಂಗ್ ಮ್ಯಾಲ ಈ ಕೈ ನನ್ನ ಮಾತ ಕೇಳ್ಲಿಲ್ಲ. ಹಿಂದ ಬಸ್ ತುಂಬ ಮಂದಿ. ಒಬ್ಬಾಕಿ ಕೂಸಿಗೆ ಹಾಲ ಕುಡಸಾಕತ್ತಿದ್ಳು, ಕನ್ನಡ್ಯಾಗ ಕಾಣತಿದ್ಳು. ಏನೂ ಆಗ್ಲಿಲ್ಲ, ದೇವರು ದೊಡ್ಡವ. ಆಗೋತನ ಕಾಯಬಾರದು ಅಂತ ಇಳದುಬಿಟ್ಟೆ."

ಅವನು ವರ್ಷಗಳು ಬಾಕಿ ಇರುವಾಗಲೇ ನೌಕರಿ ಬಿಟ್ಟು ಮನೆಗೆ ಬಂದಾಗ ನಾವೆಲ್ಲ ಹುಚ್ಚು ಹಿಡಿದಿದೆ ಅಂದಿದ್ದೆವು. ಮೇಲಿನವರ ಜೊತೆ ಜಗಳ ಮಾಡಿಕೊಂಡಿರಬೇಕು ಎಂದು ನಾನೇ ಊರಿಗೆಲ್ಲ ಹೇಳಿದ್ದೆ. ಯಾರೂ ಕೇಳಿರಲಿಲ್ಲ, ಯಾರೂ ಹಿಡಿದಿರಲಿಲ್ಲ, ಯಾವ ಸಾಹೇಬನೂ ಬಂದು ಜೆಸಿಬಿ ತೋರಿಸಿರಲಿಲ್ಲ. ತಾನಾಗಿಯೇ ಇಳಿದಿದ್ದ.

"ಅಕ್ಕಗ ಗೊತ್ತೇನ್ರಿ?"

"ಆಕಿಗೆ ಗೊತ್ತು. ಗುಳಿಗಿ ನಡದಾವ. ಈಗೀಗ ಕಾಲೂ ತಡವರಸಾಕತ್ತಾವ ತಮ್ಮಾ. ಹಿಂದಿಂದ ಹಾರ್ನ್ ಹೊಡದ್ರ ಲಗೂನ ಸರಿಯಾಕ ಆಗಂಗಿಲ್ಲ." ಸ್ವಲ್ಪ ನಕ್ಕ. "ಸಾಯೋದಕ್ಕ ಅಂಜಿಕಿಲ್ಲ ಬಿಡು. ಹೊಡದ ಟ್ರ್ಯಾಕ್ಟರಿನ ಹುಡುಗ ಜೀವನಪೂರ್ತಿ ನನ್ನ ಸಾವು ಹೊರಬೇಕಾಗ್ತದಲ್ಲ ಅಂತ."

ಆಗ ಹೊಳೆಯಿತು ನನಗೆ. ಬಸಣ್ಣ, ಇಸ್ಮಾಯಿಲ್ ಸಾಬರು, ಓಣಿಯ ಪ್ರತಿಯೊಬ್ಬನೂ ಈ ಕೈ ಹಿಡಿದಿದ್ದಾರೆ. ಪ್ರತಿಯೊಬ್ಬನಿಗೂ ಗೊತ್ತಾಗಿದೆ. ಅದಕ್ಕೇ ಮುಖ ಸಣ್ಣ ಮಾಡಿಕೊಂಡು ಎತ್ತಲೋ ನೋಡಿದ್ದು. ಹೋಟೆಲಿನಲ್ಲಿ ಅಷ್ಟೆಲ್ಲ ಕಿರುಚಾಡಿದರು, ಒಂದಡಿಗೆ ಜುಟ್ಟು ಹಿಡಿದು ಬಡಿದಾಡಿದರು, ಆದರೆ ಟವೆಲ್ಲಿನಡಿ ತಿಳಿದ ಈ ಒಂದು ಮಾತನ್ನು ಒಬ್ಬನೂ ಬಾಯಿ ಬಿಟ್ಟಿರಲಿಲ್ಲ. ಅವರ ಮೇಲಿದ್ದ ನನ್ನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮುಷ್ಟಿ ಬಿಚ್ಚಿದೆ. ಅವನ ಬೆರಳು ಒಂದೊಂದಾಗಿ ಹಿಡಿದೆ. ಒಂದು. ಎರಡು. ಮೂರು. ಜೀವಮಾನದಲ್ಲಿ ಕೆಳಗಿನಿಂದ ಶುರು ಮಾಡದೆ, ಎದುರಿನವನನ್ನು ಇಳಿಸದೆ ನಾನು ಮುಗಿಸಿದ ಒಂದೇ ವ್ಯಾಪಾರ ಅದು. ಮರುದಿನ ಬೆಳಗ್ಗೆ ಪರಸಿ ಕಲ್ಲು ನಾನೇ ನಿಂತು ಎತ್ತಿಸಿದೆ. ಎದೆ ಉರಿಯಿತು, ಸುಳ್ಳೇಕೆ ಹೇಳಲಿ. ಇಸ್ಮಾಯಿಲ್ ಸಾಬರು ಚಪ್ಪಲಿಗಳನ್ನು ಅರ್ಧ ಒಳಗೆ ಸರಿಸಿದ್ದಾರೆ. ಬಸಣ್ಣ ಇನ್ನೂ ಹಂಡೆಗಳ ಮುಖ ನೋಡುತ್ತ ಯೋಚಿಸುತ್ತಿದ್ದಾನೆ. ಶರಣಮ್ಮ ಇನ್ನೂ ಕೋಲು ಹಿಡಿದೇ ಇದ್ದಾಳೆ.

ಆದರೆ ಬೆರಳು ಹಿಡಿದ ಆ ಸಂಜೆಯೇ, ಮಾತು ಮುಗಿದ ಮೇಲೆ, ಅವನು ಮನೆಗೆ ಹೋಗಲು ಎದ್ದ. ಟವೆಲ್ಲು ಎಳೆದುಕೊಳ್ಳಲು ಹೋದ. ನಾನು ಕೊಡಲಿಲ್ಲ. ಆಗಷ್ಟೇ ಬಂದ ಹೆಂಡತಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ನಾನೂ ಎದ್ದೆ. ಟವೆಲ್ಲಿನಡಿ ಕೈ ಹಿಡಿದುಕೊಂಡೇ ಇಬ್ಬರೂ ರಸ್ತೆಗಿಳಿದೆವು. ಹತ್ತಿಯ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಅವನನ್ನು ಅಂಗಡಿಗಳ ಕಡೆಗೆ ಮಾಡಿ, ಗಾಡಿಗಳ ಕಡೆಗೆ ನಾನು ಬಂದೆ. ಅವನ ಹೆಜ್ಜೆ ನಿಧಾನ. ನಾನೂ ನಿಧಾನ ಮಾಡಿದೆ.

ಬಸಣ್ಣ ತನ್ನ ಹಂಡೆಗಳ ನಡುವಿನಿಂದ ನೋಡಿದ. ಟವೆಲ್ಲು ನೋಡಿದ, ನಮ್ಮಿಬ್ಬರ ಮುಖ ನೋಡಿದ. ಎಲ್ಲ ಗೊತ್ತಿದ್ದೂ, ಇಡೀ ಬಜಾರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೂಗಿದ:

"ಏನ್ರೀ ಸಾವ್ಕಾರ್ರ! ಷಡ್ಡಕರದು ಇನ್ನೂ ವ್ಯಾಪಾರ ಮುಗಿದಿಲ್ಲೇನ್ರೀ?"

"ಎಲ್ಲಿದೋ ಬಸಣ್ಣ," ಎಂದು ನಾನೂ ಅಷ್ಟೇ ಗಟ್ಟಿಯಾಗಿ ಕೂಗಿದೆ. "ಇಬ್ಬರೂ ಹಟಮಾರಿಗಳು. ಮನಿ ತನಕಾ ನಡೀತದ ಇದು!"